ಎರಡನೇ ಹೆಡ್‌ಫೋನ್

ಮೊದಲನೆಯದು ಚೆನ್ನಾಗಿಯೇ ಇದ್ದರೆ ಎರಡನೆಯದು ಯಾಕೆ ಅನ್ನುವುದು ನನ್ನ ಹೆಂಡತಿಯ ಪ್ರಶ್ನೆ. ಮನೆಯಲ್ಲಿ ಎರಡು ಕುಕ್ಕರ್ ಇಲ್ಲವೇ ಅಂತ ಕೇಳಿದೆ. ಐದು ಲೀಟರಿನದು ಬೇರೆ, ಎರಡು ಲೀಟರಿನದು ಬೇರೆ ಅಂದಳು. ವಾದಕ್ಕೆ ಅಂತ ಎತ್ತಿದ ಮಾತು ಅದು. ಆದರೆ ಮುಂದಿನ ಮೂರು ತಿಂಗಳು ನಾನು ಹುಡುಕಿದ್ದಕ್ಕೆಲ್ಲ ಆ ಕುಕ್ಕರೇ ಅಳತೆಗೋಲಾಯಿತು. ಎರಡನೇ ಕುಕ್ಕರನ್ನು ಯಾರೂ ಅನ್ನದ ರುಚಿ ಬದಲಾಗಲಿ ಅಂತ ತರುವುದಿಲ್ಲ. ಅದೇ ಅನ್ನ, ಬೇರೆ ಹೊತ್ತಿಗೆ, ಬೇರೆ ಅಳತೆಗೆ ಬೇಕಾಗಿರುತ್ತದೆ.

ನನ್ನ ಮೊದಲನೆಯದು ಸೆನ್‌ಹೈಸರ್ ಎಚ್‌ಡಿ 600. 1997ರಲ್ಲಿ ಬಂದ ಮಾಡೆಲ್. ಸಣ್ಣಪುಟ್ಟ ಬದಲಾವಣೆ ಬಿಟ್ಟರೆ ಇವತ್ತಿಗೂ ಅದನ್ನೇ ಮಾರುತ್ತಾರೆ. ಎರಡು ವರ್ಷಕ್ಕೆ ಫೋನು ಮುದಿಯಾಗುವ ಕಾಲದಲ್ಲಿ ಇದೊಂದು ಸಮಾಧಾನ. ನನ್ನದು ಸೆಕೆಂಡ್ ಹ್ಯಾಂಡ್. ನಲ್ಲಗಂಡ್ಲದ ಹುಡುಗನೊಬ್ಬ ಓದಲು ಅಮೆರಿಕಕ್ಕೆ ಹೊರಟಾಗ ಮಾರಿದ್ದು. ಹೈದರಾಬಾದಿನ ಈ ಪಶ್ಚಿಮ ಭಾಗದಲ್ಲಿ ಒಳ್ಳೆಯ ಸಾಮಾನು ಅಗ್ಗಕ್ಕೆ ಬೇಕಿದ್ದರೆ ಜುಲೈ ತಿಂಗಳಿಗೆ ಕಾಯಬೇಕು. ವೀಸಾ ಕೈಗೆ ಬಂದ ವಾರದಲ್ಲಿ ಫ್ರಿಜ್ಜು, ಮಂಚ, ಗಿಟಾರು, ಅರ್ಧ ಮುಗಿದ ಅಕ್ಕಿ ಚೀಲ ಎಲ್ಲ ಒಟ್ಟಿಗೆ ಹೊರಬೀಳುತ್ತವೆ. ಹಳೆಯ ಎಚ್‌ಡಿ 600ಕ್ಕೆ ನೀಲಿ ಬೂದು ಮಿಶ್ರಿತ ಚುಕ್ಕೆ ಚುಕ್ಕೆ ಬಣ್ಣ, ಥೇಟ್ ಅಡುಗೆಕಟ್ಟೆಯ ಗ್ರಾನೈಟಿನ ಹಾಗೆ. ಹೊಸದರಲ್ಲಿ ಅದನ್ನು ಬಿಟ್ಟು ಕಪ್ಪು ಮಾಡಿದ್ದಾರೆ. ನನಗೆ ಹಳೆಯದೇ ಇಷ್ಟ. ಈ ಕಲ್ಲಿನ ಬಣ್ಣದ ಮಾತು ಮುಂದೆ ಬರುತ್ತದೆ.

ಅದರ ಧ್ವನಿಯನ್ನು ಹೊಗಳಲು ಹೊರಟರೆ ನಿಲ್ಲಿಸುವುದು ಕಷ್ಟ, ಹಾಗಾಗಿ ಒಂದೇ ಉದಾಹರಣೆ. ಮಲ್ಲಿಕಾರ್ಜುನ ಮನ್ಸೂರರ ಗಾಯಕಿಯಲ್ಲಿ ತಾನಿನ ಎಳೆ ಕಡಿಯುವುದೇ ಇಲ್ಲ. ಒಂದರ ಬಾಲಕ್ಕೆ ಇನ್ನೊಂದು ಹೆಣೆದುಕೊಂಡು ಸಮ್ಮಿಗೆ ಬಂದು ಬೀಳುತ್ತದೆ. ಇವರು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಅನ್ನುವುದು ನನಗೆ ಬಹಳ ವರ್ಷ ಗೊತ್ತಾಗಿರಲಿಲ್ಲ. ಎಚ್‌ಡಿ 600 ಹಾಕಿಕೊಂಡ ಮೊದಲ ರಾತ್ರಿ ಅದು ಕೇಳಿಸಿತು. ಎರಡು ಸ್ವರಗಳ ನಡುವೆ ಸೂಜಿ ತೂರುವಷ್ಟು ಜಾಗದಲ್ಲಿ ಎಪ್ಪತ್ತು ದಾಟಿದ ಮುದುಕರೊಬ್ಬರು ಉಸಿರೆಳೆದುಕೊಳ್ಳುತ್ತಿದ್ದರು. ಈ ಹೆಡ್‌ಫೋನು ಬಾಸನ್ನು ಉಬ್ಬಿಸುವುದಿಲ್ಲ, ಮಿಂಚು ಹೊಡೆಸುವುದಿಲ್ಲ. ಮನುಷ್ಯರ ಗಂಟಲನ್ನು ಇದ್ದ ಹಾಗೆ ಇಡುತ್ತದೆ. ನನಗೆ ಅಷ್ಟು ಸಾಕು.

ಸಾಲದೇ ಹೋದದ್ದು ಜಾಗದ ವಿಷಯದಲ್ಲಿ. ಇದು ಓಪನ್ ಬ್ಯಾಕ್ ಮಾದರಿ. ಕಿವಿಯ ಮೇಲಿನ ಬಟ್ಟಲಿಗೆ ಹಿಂದುಗಡೆ ಮುಚ್ಚಳವಿಲ್ಲ, ಲೋಹದ ಜಾಲರಿ ಅಷ್ಟೇ. ಒಳಗಿನ ಹಾಡು ಹೊರಗೆ ಸೋರುತ್ತದೆ, ಹೊರಗಿನದು ಹಾಗೇ ಒಳಗೆ ಬರುತ್ತದೆ. ಧ್ವನಿಯಲ್ಲಿರುವ ಆ ಬಯಲು, ಆ ಗಾಳಿ ಸಿಗುವುದೂ ಈ ಜಾಲರಿಯಿಂದಲೇ, ಮುಚ್ಚಿದರೆ ಹೋಗುತ್ತದೆ. ಮೇಲಾಗಿ ಇದರದು 300 ಓಮ್. ಫೋನಿಗೆ ನೇರ ಸಿಕ್ಕಿಸಿದರೆ ದನಿ ಬಡಕಲಾಗುತ್ತದೆ, ಮೇಜಿನ ಮೇಲೆ ಒಂದು ಸಣ್ಣ ಆಂಪ್ಲಿಫೈಯರ್ ಬೇಕು. ಮೂರು ಮೀಟರಿನ ವೈರು ಬೇರೆ. ಒಟ್ಟಿನಲ್ಲಿ ಇದು ಕುರ್ಚಿಗೆ ಕಟ್ಟಿಹಾಕುವ ಸಾಮಾನು.

ಕುರ್ಚಿ ಇರುವುದು ಲಿಂಗಂಪಲ್ಲಿಯಲ್ಲಿ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ. ವಾಡಿ ಕಡೆಯಿಂದ ಬರುವ ನಮ್ಮಂಥವರಿಗೆ ಹೈದರಾಬಾದು ಶುರುವಾಗುವುದೇ ಇಲ್ಲಿಂದ. ಶಹಾಬಾದಿನಲ್ಲಿ ಹತ್ತಿದರೆ ವಾಡಿ, ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದು ದಾಟಿ, ಲಿಂಗಂಪಲ್ಲಿ ಬರುವ ಹೊತ್ತಿಗೆ ಬೋಗಿಯ ಕನ್ನಡವೆಲ್ಲ ಗಂಟುಮೂಟೆ ಹೊತ್ತು ಬಾಗಿಲಿಗೆ ಬಂದು ನಿಂತಿರುತ್ತದೆ. 2003ರಿಂದ ಓಡುತ್ತಿರುವ ಎಂಎಂಟಿಎಸ್ ಲೋಕಲ್ ರೈಲುಗಳಿಗೆ ಬಹಳ ಕಾಲ ಇದೇ ಪಶ್ಚಿಮದ ಕೊನೆಯಾಗಿತ್ತು. ಹಗಲೆಲ್ಲ ಹಾರ್ನು, ರಾತ್ರಿ ಗೂಡ್ಸ್ ಗಾಡಿ, ಗಾಳಿ ಈ ಕಡೆ ಬೀಸಿದರೆ "ದಯಚೇಸಿ ವಿನಂಡಿ" ಅನ್ನುವ ಹೆಣ್ಣುದನಿ. ದಯವಿಟ್ಟು ಕೇಳಿ ಅಂತ ಅರ್ಥ. ಕೇಳುವುದಕ್ಕೇ ಕೂತವನಿಗೆ ಇದನ್ನು ದಿನಕ್ಕೆ ನೂರು ಸಲ ಹೇಳುತ್ತಾರೆ.

ರಾತ್ರಿ ಹನ್ನೊಂದರ ಮೇಲೆ ತೊಂದರೆಯಿಲ್ಲ. ನನಗೆ ಬೇಕಿದ್ದದ್ದು ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ, ಆಫೀಸಿಗೆ ಬೇಗಂಪೇಟೆಯವರೆಗೆ ಹೋಗಿಬರುವ ಹೊತ್ತಿಗೆ. ಚಂದಾನಗರ, ಹಫೀಜ್‌ಪೇಟೆ, ಹೈಟೆಕ್ ಸಿಟಿ, ಬೋರಬಂಡ, ಭರತ್ ನಗರ, ಹೀಗೆ. ಆ ಬೋಗಿಯಲ್ಲಿ ಎಚ್‌ಡಿ 600 ಹಾಕಿಕೊಳ್ಳುವುದೂ ಒಂದೇ, ಸಂತೆಯಲ್ಲಿ ಧ್ಯಾನಕ್ಕೆ ಕೂರುವುದೂ ಒಂದೇ.

ಎರಡನೆಯದನ್ನು ಆರಿಸುವಾಗ ಈ ಹವ್ಯಾಸದವರೆಲ್ಲ ಕೊಡುವ ಸಲಹೆ ಒಂದೇ: ಇರುವುದಕ್ಕೆ ತದ್ವಿರುದ್ಧವಾದದ್ದನ್ನು ತಗೋ. ಮೊದಲನೆಯದು ಓಪನ್ ಆಗಿದ್ದರೆ ಎರಡನೆಯದು ಕ್ಲೋಸ್ಡ್. ಮೊದಲನೆಯದು ಸೌಮ್ಯವಾಗಿದ್ದರೆ ಎರಡನೆಯದು ಎದೆಗೆ ಗುದ್ದುವಂಥದ್ದು. ಅದು ಭಕ್ತಿಗೆ, ಇದು ಮಜಕ್ಕೆ. ಮೊದಲ ಅರ್ಧ ಸರಿ, ಎರಡನೇ ಅರ್ಧ ನನಗೆ ಒಪ್ಪಿಗೆಯಿಲ್ಲ. ಕಿವಿ ಯಾವ ಧ್ವನಿಗೆ ಒಗ್ಗಿರುತ್ತದೋ ಅದನ್ನೇ ಸರಿ ಅಂದುಕೊಂಡಿರುತ್ತದೆ. ಬೇರೆ ಸ್ವಭಾವದ ಹೆಡ್‌ಫೋನ್ ಹಾಕಿದ ಮೊದಲ ಹತ್ತು ನಿಮಿಷ ಎಲ್ಲ ಸೊಟ್ಟ ಕೇಳುತ್ತದೆ; ಆಮೇಲೆ ಅದಕ್ಕೂ ಒಗ್ಗುತ್ತದೆ; ವಾಪಸ್ ಬಂದರೆ ಈಗ ಹಳೆಯದು ಸೊಟ್ಟ. ದಿನಕ್ಕೆ ಎರಡು ಸಲ ಹೀಗೆ ದಾಟುವವನಿಗೆ ಎರಡೂ ಮನೆಯಲ್ಲ. ನನಗೆ ಬೇಕಿದ್ದದ್ದು ಅದೇ ಅನ್ನ.

ಆಫೀಸಿನಲ್ಲಿ ಈ ರೋಗದವರು ನಾಲ್ಕೈದು ಜನ ಇದ್ದೇವೆ. ಅವರಿಂದ ವಾರಕ್ಕೊಂದು ಕಡ ತಂದೆ. ಪರೀಕ್ಷೆಗೆ ಇಟ್ಟುಕೊಂಡದ್ದು ಒಂದು ವಿಲಂಬಿತ್ ಖಯಾಲಿನ ಮೊದಲ ಐದು ನಿಮಿಷ: ತಾನಪುರ, ಆಮೇಲೆ ಗಂಟಲು, ಆಮೇಲೆ ತಬಲದ ಬಾಯಾಂ. ಹೆಡ್‌ಫೋನಿನ ಗುಣ ತಿಳಿಯಲು ತಾನಪುರಕ್ಕಿಂತ ಒಳ್ಳೆಯ ವಾದ್ಯ ನಾನು ಕಂಡಿಲ್ಲ. ನಾಲ್ಕು ತಂತಿಯಾದರೂ ಜವಾರಿಯಿಂದ ಏಳುವ ಅನುರಣನ ಕೆಳಗಿನಿಂದ ಮೇಲಿನವರೆಗೆ ಎಲ್ಲ ಎತ್ತರದಲ್ಲೂ ಹರಡಿರುತ್ತದೆ. ಎಲ್ಲಿ ಉಬ್ಬಿದರೂ ಎಲ್ಲಿ ತಗ್ಗಿದರೂ ತಕ್ಷಣ ಗೊತ್ತಾಗುತ್ತದೆ. ಆಡಿಯೊ ಟೆಕ್ನಿಕಾದ ಎಂ50ಎಕ್ಸ್‌ನಲ್ಲಿ ಬಾಯಾಂ ಗಾಯಕರಿಗಿಂತ ಒಂದು ಹೆಜ್ಜೆ ಮುಂದೆ ಬಂದು ಕೂತಿತು. ಸೋನಿಯ ಎಂಡಿಆರ್ 7506 ಸ್ಟುಡಿಯೊಗಳಲ್ಲಿ 1991ರಿಂದ ಬಾಳಿಕೆ ಬಂದ ಗಟ್ಟಿ ಸಾಮಾನು, ತಪ್ಪು ಹುಡುಕುವ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನನಗೆ ಅದರಲ್ಲಿ ತಾನಪುರದ ತುದಿ ಚೂಪಾಯಿತು. ಬೈಯರ್‌ಡೈನಾಮಿಕ್ ಡಿಟಿ 770ರ ಮಖಮಲ್ ದಿಂಬು ಕಿವಿಗೆ ಹಿತ, ಮೇಲಿನ ಸ್ವರಗಳಲ್ಲಿ ಮಾತ್ರ ಸ್ವಲ್ಪ ಹೊಳಪು ಜಾಸ್ತಿ. ಮೂರೂ ಒಳ್ಳೆಯವೇ. ಯಾವುದೂ ಅದೇ ಅನ್ನ ಅಲ್ಲ.

ಕನ್ನಡಕದವರಿಗೆ ಒಂದು ಮಾತು, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕ್ಲೋಸ್ಡ್ ಹೆಡ್‌ಫೋನಿನ ಬಾಸ್ ನಿಂತಿರುವುದು ದಿಂಬು ಕಿವಿಯ ಸುತ್ತ ಗಾಳಿ ಆಡದಂತೆ ಕೂತಾಗ. ಕನ್ನಡಕದ ಕಡ್ಡಿ ಆ ದಿಂಬನ್ನು ಒಂದು ಎಳ್ಳಿನಷ್ಟು ಎತ್ತಿದರೂ ಆ ಸಂದಿನಿಂದ ಬಾಸ್ ಸೋರಿ ಹೋಗುತ್ತದೆ. ಯಾರೋ ಬರೆದ ವಿಮರ್ಶೆ ಓದಿ ಕೊಂಡು, ಅವರಿಗೆ ಕೇಳಿಸಿದ್ದು ನನಗೆ ಯಾಕೆ ಕೇಳುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಮೊದಲು ಕನ್ನಡಕ ತೆಗೆದು ನೋಡಬೇಕು.

ಇಷ್ಟು ಹೊತ್ತಿಗೆ ನಾನು ಫ್ರೀಕ್ವೆನ್ಸಿ ಗ್ರಾಫುಗಳನ್ನು ಓದುವುದರಲ್ಲಿ ಪಳಗಿದ್ದೆ. ಅಡ್ಡಕ್ಕೆ ಹರ್ಟ್ಸ್, ಎಡದಲ್ಲಿ ಮಂದ್ರ, ಬಲದಲ್ಲಿ ತಾರ. ಉದ್ದಕ್ಕೆ ಡೆಸಿಬೆಲ್. ನಡುವೆ ಒಂದು ಗೆರೆ. ಗೆರೆ ಎಲ್ಲಿ ಏಳುತ್ತದೆ, ಎಲ್ಲಿ ಬೀಳುತ್ತದೆ ನೋಡಿದರೆ ಧ್ವನಿ ಹೇಗಿರಬಹುದು ಅಂತ ಅಂದಾಜು ಹೇಳುವಷ್ಟು. ಅದೇ ತಿಂಗಳು ಅಪ್ಪನ ಕಿವಿ ಪರೀಕ್ಷೆ ಮಾಡಿಸಿದೆವು.

ಅಪ್ಪ ಶಹಾಬಾದಿನಿಂದ ನಮ್ಮ ಜೊತೆ ಇರಲು ಬಂದು ಎರಡು ವರ್ಷ. ಮೂವತ್ತು ವರ್ಷ ಕಲ್ಲಿನ ಕೆಲಸ. ನಿಮ್ಮ ಹಳೆಯ ಮನೆಯ ನೆಲಕ್ಕೆ ಬೂದು ಬಣ್ಣದ ತಣ್ಣನೆಯ ಪರ್ಸಿ ಹಾಸಿದ್ದರೆ ಅದು ನಮ್ಮೂರ ಕಡೆಯದೇ ಇರಬಹುದು. ಆ ಸುಣ್ಣಕಲ್ಲು ಭೂಮಿಯೊಳಗೆ ಪದರ ಪದರವಾಗಿ ಕೂತಿರುತ್ತದೆ, ಉಳಿ ಹಾಕಿ ಎಬ್ಬಿಸಿದರೆ ಹಲಗೆಯ ಹಾಗೆ ಏಳುತ್ತದೆ. ಎಬ್ಬಿಸುವ ಕೆಲಸದಲ್ಲಿ ಅಷ್ಟು ಸದ್ದಿಲ್ಲ. ಅಪ್ಪ ಇದ್ದದ್ದು ಅದನ್ನು ಚೌಕಕ್ಕೆ ಕೊಯ್ಯುವ, ಪಾಲಿಶ್ ಹೊಡೆಯುವ ತಗಡಿನ ಶೆಡ್ಡಿನಲ್ಲಿ. ಗುಂಡು ಗರಗಸ ಕಲ್ಲಿಗೆ ತಾಗಿದಾಗ ಬರುವ ಕಿರುಚಾಟ ಚಿಕ್ಕವನಿದ್ದಾಗ ಬುತ್ತಿ ಕೊಡಲು ಹೋದ ನನಗೆ ಗೊತ್ತು. ಶೆಡ್ಡಿನ ಹೊರಗೇ ನಿಂತು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಒಳಗಿದ್ದವರು ಮುಖಕ್ಕೆ ಧೂಳು ಬಾರದಂತೆ ಟವೆಲು ಸುತ್ತಿಕೊಳ್ಳುತ್ತಿದ್ದರು. ಕಿವಿಗೆ ಏನೂ ಇರಲಿಲ್ಲ. ಕಾರ್ಖಾನೆಗಳಲ್ಲಿ ಎಂಟು ಗಂಟೆಗೆ 90 ಡೆಸಿಬೆಲ್ ಮಿತಿ ಅಂತ ನಮ್ಮಲ್ಲಿ ನಿಯಮ ಇದೆ, ಸದ್ದಿನಿಂದ ಕಿವಿ ಹೋಗುವುದು ಕಾನೂನಿನ ಪಟ್ಟಿಯಲ್ಲಿ ಉದ್ಯೋಗದ ಕಾಯಿಲೆಯೇ. ಹತ್ತು ಜನರ ಶೆಡ್ಡಿನಲ್ಲಿ ಅದನ್ನು ಅಳೆಯಲು ಬಂದವರನ್ನು ಅಪ್ಪ ನೋಡಿಲ್ಲ.

ಪರೀಕ್ಷೆ ಮಾಡಿದ ಹುಡುಗಿ ತೆಲುಗಿನವಳು. ಓದಿದ್ದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಹಾಗಾಗಿ ಅಚ್ಚುಕಟ್ಟಾದ ಮೈಸೂರು ಕನ್ನಡ. "ಅಂಕಲ್, ಶಬ್ದ ಎಷ್ಟೇ ಸಣ್ಣದಾಗಿ ಕೇಳಿಸಿದರೂ ಬಟನ್ ಒತ್ತಿ" ಅಂದಳು. ಅಪ್ಪ ನನ್ನ ಮುಖ ನೋಡಿ, "ಏನಂತಾಳ?" ಅಂದ. ನಾನು ನಮ್ಮ ಭಾಷೆಯಲ್ಲಿ ಹೇಳಿದೆ. ಅರ್ಧ ಗಂಟೆಯ ಮೇಲೆ ಅವಳು ಒಂದು ಹಾಳೆ ಮುಂದಿಟ್ಟಳು. ಅಡ್ಡಕ್ಕೆ ಹರ್ಟ್ಸ್, 250ರಿಂದ 8000. ಉದ್ದಕ್ಕೆ ಡೆಸಿಬೆಲ್. ನಡುವೆ ಗೆರೆ.

ಅದನ್ನು ಅವಳು ವಿವರಿಸುವ ಮುಂಚೆ ನಾನು ಓದಿ ಮುಗಿಸಿದ್ದೆ. ಮಂದ್ರದಲ್ಲಿ ಹೆಚ್ಚೇನೂ ನಷ್ಟವಿಲ್ಲ. 1000 ದಾಟಿದ ಮೇಲೆ ಇಳಿಜಾರು. 4000ಕ್ಕೆ ಬಂದಾಗ ಗೆರೆ ಬಾವಿಗೆ ಬಿದ್ದಂತೆ 70ರ ಹತ್ತಿರ ಇಳಿದು, 8000ಕ್ಕೆ ಸ್ವಲ್ಪ ಮೇಲೆದ್ದಿತ್ತು. ವಯಸ್ಸಿಗೆ ಹೋದ ಕಿವಿಯಾದರೆ ಗೆರೆ ಇಳಿಯುತ್ತಲೇ ಹೋಗುತ್ತದಂತೆ, ಹೀಗೆ 4000ದ ಸುತ್ತ ಗುಂಡಿ ಬಿದ್ದು ಮತ್ತೆ ಏಳುವುದು ಸದ್ದಿನಲ್ಲಿ ದುಡಿದವರ ಕಿವಿಯ ಗುರುತಂತೆ. "ಅಂಕಲ್ ಏನು ಕೆಲಸ ಮಾಡ್ತಿದ್ರು?" ಅಂತ ಕೇಳಿದಳು. ಉತ್ತರ ಹಾಳೆಯಲ್ಲೇ ಇತ್ತು, ಕೇಳಿದ್ದು ಖಾತ್ರಿಗೆ.

ಅಪ್ಪ ಯಾವಾಗಲೂ ಹೇಳುತ್ತಿದ್ದ ಮಾತು "ಕೇಳಸ್ತದ, ತಿಳಿಯಂಗಿಲ್ಲ" ಅಂತ. ಮಾತಿನ ಸ್ವರಗಳು, ಅ, ಓ, ಊ, ಮಂದ್ರದಲ್ಲಿ ಇರುತ್ತವೆ, ಅವು ಅವನಿಗೆ ಮುಟ್ಟುತ್ತವೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಮೇಲೆ, ಆ ಗುಂಡಿಯ ಸುತ್ತಮುತ್ತ. "ಸಾಸಿವೆ ತಂದ್ಯಾ?" ಅಂದರೆ ಅವನಿಗೆ ಬರಿಯ ಆ-ಇ-ಎ ಕೇಳುತ್ತಿತ್ತು, ಉಳಿದದ್ದನ್ನು ಊಹಿಸಿ ಉತ್ತರ ಕೊಡುತ್ತಿದ್ದ. ಮನ್ಸೂರರ ಉಸಿರು, ತಾನಪುರದ ತುದಿ, ನಾನು ಮೂರು ತಿಂಗಳು ಯಾವ ಹೆಡ್‌ಫೋನಿನಲ್ಲಿ ಹೇಗಿದೆ ಅಂತ ಅಳೆಯುತ್ತಿದ್ದೆನಲ್ಲ, ಅವೂ ಬಹುಮಟ್ಟಿಗೆ ಅಲ್ಲೇ ಮೇಲಿರುವಂಥವು. ಹೆಡ್‌ಫೋನಿನ ಗ್ರಾಫು ಇಷ್ಟವಾಗದಿದ್ದರೆ ಇನ್ನೊಂದು ತರಬಹುದು.

ಅಲ್ಲಿಂದ ಮೇಲೆ ನನ್ನ ಹುಡುಕಾಟದ ಲೆಕ್ಕ ಬದಲಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸುರಕ್ಷಿತ ಮಿತಿ ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್‌ನಲ್ಲಿ. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧಕ್ಕೆ ಇಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ನನ್ನ ರೈಲಿನ ಹೊತ್ತೇ ವಾರಕ್ಕೆ ಏಳೂವರೆ ಗಂಟೆ. ಹಫೀಜ್‌ಪೇಟೆ ದಾಟಿ ಗಾಡಿ ವೇಗ ಹಿಡಿದಾಗ ಫೋನಿನ ಆ್ಯಪು ಬೋಗಿಯೊಳಗಿನ ಸದ್ದನ್ನು 80ರ ಆಚೀಚೆ ತೋರಿಸುತ್ತಿತ್ತು. ಅಂದಾಜೇ ಇರಲಿ. ಅದರ ಮೇಲೆ ಹಾಡು ಕೇಳಬೇಕಾದರೆ ಹಾಡು ಅದಕ್ಕಿಂತ ಮೇಲೆ ಇರಬೇಕು, ಆಗ ವಾರದ ಪಾಲು ರೈಲಿನಲ್ಲೇ ಮುಗಿಯುತ್ತದೆ. ರೈಲಿನ ಹೆಡ್‌ಫೋನಿನ ಮೊದಲ ಗುಣ ಧ್ವನಿಯಲ್ಲ. ಎಷ್ಟು ಕಡಿಮೆ ವಾಲ್ಯೂಮಿನಲ್ಲಿ ಅದು ಹಾಡನ್ನು ಕೇಳಿಸುತ್ತದೆ ಅನ್ನುವುದು.

ಹೀಗಾಗಿ ನಮ್ಮ ಗುಂಪಿನವರು ಮೂಗು ಮುರಿಯುವ ಕಡೆಗೇ ಹೋದೆ, ನಾಯ್ಸ್ ಕ್ಯಾನ್ಸಲಿಂಗ್ ಇರುವ ಬ್ಲೂಟೂತ್ ಹೆಡ್‌ಫೋನು. ಅದರ ಕಥೆಯಲ್ಲಿ ನಮ್ಮವರೊಬ್ಬರ ಮಗ ಬರುತ್ತಾನೆ. ಅಮರ್ ಬೋಸ್, ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರನ ಮಗ. 1978ರಲ್ಲಿ ಜ್ಯೂರಿಚ್‌ನಿಂದ ಬಾಸ್ಟನ್ನಿಗೆ ವಿಮಾನದಲ್ಲಿ ಬರುವಾಗ ಹೆಡ್‌ಫೋನಿನ ಹಾಡು ಎಂಜಿನ್ನಿನ ಸದ್ದಿನಲ್ಲಿ ಮುಳುಗಿದ್ದು ನೋಡಿ ಅಲ್ಲೇ ಕೂತು ಲೆಕ್ಕ ಹಾಕಲು ಶುರುಮಾಡಿದರಂತೆ. ಅವರ ಕಂಪನಿಯಿಂದ ಪೈಲಟ್‌ಗಳಿಗೆ ಅಂಥ ಹೆಡ್‌ಸೆಟ್ ಬರಲು 1989 ಆಯಿತು. ಉಪಾಯ ಸರಳ: ಬಟ್ಟಲಿನ ಮೈಕು ಹೊರಗಿನ ಸದ್ದನ್ನು ಕೇಳುತ್ತದೆ, ಅದರ ತಿರುವುಮುರುವು ಅಲೆಯನ್ನು ಒಳಗೆ ಬಿಡುತ್ತದೆ, ಉಬ್ಬು ತಗ್ಗು ಸೇರಿ ಸಪಾಟು. ಗಾಲಿಯ ಗುಡುಗುಡು, ಫ್ಯಾನಿನ ಗುಂಯ್ ಇಂಥ ಮಂದ್ರದ ಒಂದೇ ಸಮನೆಯ ಸದ್ದಿನ ಮೇಲೆ ಇದರ ಆಟ ಚೆನ್ನಾಗಿ ನಡೆಯುತ್ತದೆ. ಬರಿಯ ದಿಂಬು ತಡೆಯಲಾಗದ್ದೂ ಅದೇ ಮಂದ್ರ. ಮೇಲಿನದನ್ನು ದಿಂಬು ನೋಡಿಕೊಳ್ಳುತ್ತದೆ. ಹಾರ್ನು ಮಾತ್ರ ಎರಡಕ್ಕೂ ಬಗ್ಗದು.

ಸೋನಿಯ ಡಬ್ಲ್ಯುಎಚ್ 1000ಎಕ್ಸ್‌ಎಂ4 ತಂದೆ. 2020ರ ಮಾಡೆಲ್, ಹೊಸದು ಬಂದ ಮೇಲೆ ಬೆಲೆ ಇಳಿದಿತ್ತು. ಪೆಟ್ಟಿಗೆಯಿಂದ ತೆಗೆದ ಸ್ಥಿತಿಯಲ್ಲಿ ಬಾಸು ಧಾರಾಳ, ತಾನಪುರ ಕಂಬಳಿ ಹೊದ್ದಂತೆ. ಆದರೆ ಇದರ ಆ್ಯಪಿನಲ್ಲಿ ಈಕ್ವಲೈಜರ್ ಇದೆ. ನಾಲ್ಕು ರಾತ್ರಿ ಎಚ್‌ಡಿ 600 ಒಂದು ಕೈಯಲ್ಲಿ, ಇದು ಇನ್ನೊಂದು ಕೈಯಲ್ಲಿ ಹಿಡಿದು ಅದೇ ಖಯಾಲು ಹಾಕಿ, ಬಾಸನ್ನು ಇಳಿಸಿ, ಗಂಟಲು ಇರುವ ಕಡೆ ಚೂರು ಏರಿಸಿ, ಮತ್ತೆ ಇಳಿಸಿ, ಹತ್ತಿರಕ್ಕೆ ತಂದೆ. ಬಯಲು ಬರಲಿಲ್ಲ, ಬರುವುದೂ ಇಲ್ಲ. ಬಣ್ಣ ಬಂತು. ಈಗ ಒಂದರಿಂದ ಇನ್ನೊಂದಕ್ಕೆ ದಾಟಿದರೆ ಅದೇ ಮನುಷ್ಯ ಅಂಗಳದಿಂದ ಎದ್ದು ಪಡಸಾಲೆಗೆ ಬಂದು ಹಾಡಿದಂತಿದೆ. ಬೋರಬಂಡದ ಹತ್ತಿರ ಒಂದು ದಿನ ಪರೀಕ್ಷಿಸಿದೆ: ನಾಯ್ಸ್ ಕ್ಯಾನ್ಸಲಿಂಗ್ ಆಫ್ ಮಾಡಿದರೆ ವಾಲ್ಯೂಮಿನ ಹದಿನೈದು ಮೆಟ್ಟಿಲಲ್ಲಿ 11 ಬೇಕು, ಆನ್ ಮಾಡಿದರೆ 6 ಸಾಕು.

ಮನೆಯಲ್ಲಿ ಮಾತ್ರ ಅದನ್ನು ಆನ್ ಮಾಡುವುದಿಲ್ಲ. ಅಪ್ಪನಿಗೆ ಮೊಣಕಾಲು ನೋವು, ರಾತ್ರಿ ಏಳಬೇಕಾದರೆ ಕರೆಯುತ್ತಾನೆ. ಎಚ್‌ಡಿ 600 ಹಾಕಿಕೊಂಡಿದ್ದರೆ ಜಾಲರಿಯಿಂದ "ತಮ್ಮಾ" ಕೇಳುತ್ತದೆ. ಜಾಲರಿ ಇರುವುದು ಧ್ವನಿಯ ಬಯಲಿಗಾಗಿ ಅಂತ ಅದನ್ನು ಮಾಡಿದವರು ತಿಳಿದಿರಬಹುದು, ನಮ್ಮ ಮನೆಯಲ್ಲಿ ಅದರ ಉಪಯೋಗ ಬೇರೆ.

ಅಪ್ಪನಿಗೆ ಶ್ರವಣಯಂತ್ರ ಬಂತು. ಕಿವಿಯ ಹಿಂದೆ ಕೂರುವಂಥದ್ದು, ನನ್ನ ಎರಡೂ ಹೆಡ್‌ಫೋನಿನ ಬೆಲೆ ಕೂಡಿಸಿದರೂ ಅದಕ್ಕೆ ಸಮ ಆಗುವುದಿಲ್ಲ. ಒಂದು ತಿಂಗಳು ತಟ್ಟೆ ಲೋಟದ ಸದ್ದಿಗೆ ಬೈದುಕೊಂಡು ಓಡಾಡಿದ. ಆಮೇಲೆ ಒಂದು ಸಂಜೆ ನನ್ನ ಮೇಜಿನ ಹತ್ತಿರ ಬಂದು ಎಚ್‌ಡಿ 600 ಕೈಗೆ ತೆಗೆದುಕೊಂಡ. ಉಗುರಿನಿಂದ ಎರಡು ಸಲ ತಟ್ಟಿದ.

"ಕಲ್ಲಂದಿದ್ದೆ. ಪ್ಲಾಸ್ಟಿಕ್ ಅದಲ್ಲೋ."

ಹಾಕಿಕೊಳ್ಳುತ್ತೀಯಾ ಅಂತ ಕೇಳಿದೆ. ಮೊದಲು ಹೊಸ ಸೋನಿಯನ್ನು ಕೊಟ್ಟೆ, ಅವನ ಯಂತ್ರದ ಮೇಲೆ ಅದನ್ನು ಇಟ್ಟ ಕೂಡಲೇ ಕುಂಯ್ ಅಂತ ಸೀಟಿ ಹೊಡೆಯಿತು. ಮುಚ್ಚಿದ ಬಟ್ಟಲಿನೊಳಗೆ ಯಂತ್ರದ ಸದ್ದು ಗೋಡೆಗೆ ಬಡಿದು ಅದರದೇ ಮೈಕಿಗೆ ವಾಪಸ್ ಹೋಗುತ್ತದೆ, ಮದುವೆ ಮಂಟಪದ ಮೈಕಿನ ಹಾಗೆ. ಎಚ್‌ಡಿ 600ಕ್ಕೆ ಆ ಗೋಡೆಯೇ ಇಲ್ಲ. ಅದರ ಬಟ್ಟಲು ಉದ್ದನೆಯ ಮೊಟ್ಟೆಯಾಕಾರದ್ದು, ಕಿವಿ, ಯಂತ್ರ ಎರಡೂ ಒಳಗೆ ಕೂತವು. ಸೀಟಿ ಬರಲಿಲ್ಲ. ಮನ್ಸೂರರು ಹಾಡಿದ ವಚನಗಳನ್ನು ಹಾಕಿದೆ, ಅಪ್ಪ ರೇಡಿಯೊದಲ್ಲಿ ಕೇಳಿ ಬೆಳೆದ ದನಿ. ಕಣ್ಣು ಮುಚ್ಚಲಿಲ್ಲ, ಕಣ್ಣೀರು ಹಾಕಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಶೆಡ್ಡಿನ ದನಿಯಲ್ಲಿ, ಪಕ್ಕದ ಫ್ಲ್ಯಾಟಿಗೂ ಕೇಳುವ ಹಾಗೆ, "ಪೇಟಿ ಯಾರು ಬಾರಸ್ಲತ್ತಾರ?" ಅಂದ. ನನಗೆ ಗೊತ್ತಿರಲಿಲ್ಲ. ಆ ಮುದ್ರಿಕೆಯಲ್ಲಿ ಪೇಟಿಯ ಕಡೆ ಲಕ್ಷ್ಯ ಕೊಟ್ಟು ನಾನು ಕೇಳಿದ್ದೇ ಇಲ್ಲ. ಅದು ಅಪ್ಪನ ಗೆರೆ ಇನ್ನೂ ಬೀಳದ ಜಾಗದಲ್ಲಿ ನುಡಿಯುವ ವಾದ್ಯ.

ಒಂದು ವಿಚಿತ್ರ ಆಮೇಲೆ ತಿಳಿಯಿತು. ಸೆನ್‌ಹೈಸರ್‌ನವರು ಗ್ರಾಹಕರ ಹೆಡ್‌ಫೋನ್ ವಿಭಾಗವನ್ನು 2022ರಲ್ಲಿ ಸ್ವಿಟ್ಜರ್ಲೆಂಡಿನ ಸೊನೋವಾ ಅನ್ನುವ ಕಂಪನಿಗೆ ಒಪ್ಪಿಸಿದ್ದಾರೆ. ಸೊನೋವಾದ ಮುಖ್ಯ ವ್ಯಾಪಾರ ಶ್ರವಣಯಂತ್ರ, ಫೋನಾಕ್ ಅವರದೇ. ಕೇಳುವ ಚಟದವರಿಗೂ ಕೇಳದವರಿಗೂ ಈಗ ಅಂಗಡಿ ಒಂದೇ.

ಸಂಜೆ ಏಳರಿಂದ ಎಂಟೂವರೆ ಈಗ ಎಚ್‌ಡಿ 600 ಅಪ್ಪನದು. ಆ ಹೊತ್ತಿಗೆ ನನ್ನ ಪಾಲಿಗೆ ಸೋನಿ. ಎರಡನೆಯದನ್ನು ಕೊಳ್ಳುವ ಯೋಚನೆ ಇದ್ದವರಿಗೆ ನನ್ನದೊಂದು ಸಲಹೆ ಇದ್ದರೆ ಇಷ್ಟು: ಮೊದಲನೆಯದು ಕೈಗೆ ಸಿಗದ ಸಂಜೆಗಳನ್ನೂ ಲೆಕ್ಕಕ್ಕೆ ಹಿಡಿದು ಆರಿಸಿ. ಮಜಕ್ಕೆ ಅಂತ ಗುದ್ದುವಂಥದ್ದು ತಂದಿದ್ದರೆ ಈ ಒಂದೂವರೆ ಗಂಟೆ ನಾನು ಏನು ಕೇಳುತ್ತಿದ್ದೆನೋ.

ಎಚ್‌ಡಿ 600ರ ದಿಂಬು ಎಡಗಡೆ ಬೇಗ ಸವೆಯುತ್ತಿದೆ, ಯಂತ್ರ ಒತ್ತುವ ಜಾಗದಲ್ಲಿ. ದಿಂಬು ತೆಳುವಾದರೆ ಕಿವಿ ಒಳಗಿನ ಸ್ಪೀಕರಿಗೆ ಹತ್ತಿರವಾಗಿ ಧ್ವನಿಯ ಬಣ್ಣ ಬದಲಾಗುತ್ತದೆ. ಇದರ ಬಿಡಿಭಾಗಗಳೆಲ್ಲ ಇನ್ನೂ ಸಿಗುತ್ತವೆ, ಹೊಸ ಜೋಡಿ ದಿಂಬು ತರಿಸಬೇಕು. ವೈರನ್ನೂ ಉದ್ದ ಮಾಡಿಸಬೇಕು. ಮೂರು ಮೀಟರು ಮೇಜಿನಿಂದ ಅಪ್ಪನ ಮಂಚದವರೆಗೆ ಮುಟ್ಟುತ್ತಿಲ್ಲ.